ಕೆರೆ ಮೀನು ಮಣ್ಣು ವಾಸನೆ ಬರದ ಹಾಗೆ ಮನೇಲಿ ಮಾಡೋದು ಹೇಗೆ: ಹಿಡಿದಲ್ಲಿಂದ ತಟ್ಟೆವರೆಗೆ

ಕೆರೆ ಮೀನು, ಡ್ಯಾಂ ಮೀನು ತಂದವರೆಲ್ಲ ಕೇಳೋದು ಒಂದೇ ಪ್ರಶ್ನೆ. ಇಷ್ಟೊಂದು ಮಸಾಲೆ ಹಾಕಿದ್ರೂ ಕೆಸರು ವಾಸನೆ ಯಾಕೆ ಹೋಗಲ್ಲ? ಅದಾದ್ಮೇಲೆ ಎರಡನೇ ಪ್ರಶ್ನೆ, ಪೀಸೆಲ್ಲ ಒಡೆದು ಸಾರೊಳಗೆ ಕರಗೋಯ್ತು ಏನ್ಮಾಡ್ಲಿ. ಎರಡಕ್ಕೂ ಉತ್ತರ ಮಸಾಲೆ ಡಬ್ಬಿಯಲ್ಲಿ ಇಲ್ಲ. ಹೊಳೆ ಮೀನಿನ ರುಚಿ ಮುಕ್ಕಾಲು ಪಾಲು ಒಲೆ ಹಚ್ಚೋಕೆ ಮುಂಚೆನೇ ತೀರ್ಮಾನ ಆಗಿರುತ್ತೆ ಅನ್ನೋದು ನನ್ನ ಲೆಕ್ಕ, ಅದಕ್ಕೇ ಈ ಲೇಖನದಲ್ಲಿ ಕ್ಲೀನಿಂಗ್ ಬಗ್ಗೆ ಜಾಸ್ತಿ, ಮಸಾಲೆ ಬಗ್ಗೆ ಕಮ್ಮಿ ಇದೆ.

ಮೊದಲು ಆ ವಾಸನೆ ಏನು ಅಂತ ತಿಳ್ಕೊಳ್ಳಿ, ಆಮೇಲೆ ಮುಂದಿನದೆಲ್ಲ ಸುಲಭ. ಕೆರೆ ನೀರಲ್ಲಿ, ಕೆಸರಲ್ಲಿ ಇರೋ ಕೆಲವು ಪಾಚಿ ಮತ್ತೆ ಬ್ಯಾಕ್ಟೀರಿಯಾಗಳು ಜಿಯೋಸ್ಮಿನ್ ಅನ್ನೋ ಒಂದು ಪದಾರ್ಥ ಬಿಡ್ತವೆ. ಮೊದಲ ಮಳೆ ಬಿದ್ದಾಗ ನೆಲದಿಂದ ಘಮ್ ಅಂತ ಬರುತ್ತಲ್ಲ, ಅದಕ್ಕೂ ಇದೇ ಕಾರಣ. ನೆಲದಲ್ಲಿ ಚೆಂದ, ತಟ್ಟೆಯಲ್ಲಿ ಕಷ್ಟ. ಇದು ಕಿವಿರಿನ ಮೂಲಕ ಮೀನಿನ ಮೈಗೆ ಸೇರಿ ಕೊಬ್ಬಲ್ಲಿ ಕೂತ್ಕೊಳ್ಳುತ್ತೆ, ಅಂದ್ರೆ ಚರ್ಮ, ಹೊಟ್ಟೆ ಭಾಗ, ಪಕ್ಕೆ ಉದ್ದಕ್ಕೂ ಇರೋ ಕಡುಗೆಂಪು ಮಾಂಸ. ಬರೀ ನೀರಲ್ಲಿ ಹತ್ತು ಸಲ ತೊಳೆದ್ರೂ ಹೋಗಲ್ಲ. ಆದ್ರೆ ಹುಳಿಗೆ ಮುರಿಯುತ್ತೆ. ನಮ್ಮ ಕಡೆ ಕೆರೆ ಮೀನು ಸಾರಿಗೆ ಹುಣಸೆಹಣ್ಣು, ಕೊಡಗಲ್ಲಿ ಕಾಚಂಪುಳಿ, ಮಲೆನಾಡಲ್ಲಿ ಮುರುಗಲು, ಉಪ್ಪಾಗೆ ಹುಳಿ ಬಳಸೋದು ಸುಮ್ನೆ ಅಲ್ಲ.

1. ಯಾವ ನೀರಿನ ಮೀನು, ಯಾವ ಜಾತಿ

ನೀರು ಸರಿ ಇಲ್ಲಾಂದ್ರೆ ಮುಂದೆ ಓದೋದೇ ಬೇಡ. ಊರಿನ ಚರಂಡಿ, ಫ್ಯಾಕ್ಟರಿ ನೀರು ಸೇರೋ ಕೆರೆಯ ಮೀನು ತಿನ್ನಬೇಡಿ. ಸೀಸ, ಪಾದರಸದಂಥ ಲೋಹಗಳು ಬೇಯಿಸಿದ್ರೂ ಹೋಗಲ್ಲ, ಹುಳಿಗೂ ಹೋಗಲ್ಲ. ಬೆಂಗಳೂರಿನ ಹಲಸೂರು ಕೆರೆಯಲ್ಲಿ 2016ರ ಮಾರ್ಚ್‌ನಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದು ನೆನಪಿರಬಹುದು. ತಾನಾಗೇ ಸತ್ತು ತೇಲ್ತಾ ಇರೋ ಮೀನು ಎಷ್ಟೇ ಫ್ರೆಶ್ ಕಂಡ್ರೂ ಮುಟ್ಟಬೇಡಿ. ಬ್ಲೀಚಿಂಗ್ ಪೌಡರ್, ಕೀಟನಾಶಕ ಹಾಕಿ ಹಿಡಿದ ಮೀನೂ ಅಷ್ಟೇ. ಇನ್ನು ಕೆರೆ ಗುತ್ತಿಗೆ ಆಗಿದ್ರೆ ಗುತ್ತಿಗೆದಾರರನ್ನ ಕೇಳ್ಬಿಟ್ಟೇ ಗಾಳ ಹಾಕಿ, ಆಮೇಲೆ ಜಗಳ ಬೇಡ.

ಜಾತಿ ಪ್ರಕಾರ ವಾಸನೆ ಬದಲಾಗುತ್ತೆ:

ಕಾಟ್ಲಾ ನೀರಿನ ಮೇಲ್ಭಾಗದಲ್ಲಿ ಮೇಯುತ್ತೆ, ರೋಹು ಮಧ್ಯದಲ್ಲಿ, ಮೃಗಾಲ್ ತಳದಲ್ಲಿ. ಅದಕ್ಕೆ ಮೃಗಾಲ್ ಮತ್ತೆ ಕೆಸರು ಕೆದಕಿ ತಿನ್ನೋ ಸಾಮಾನ್ಯ ಗೆಂಡೆ, ಅಂದ್ರೆ ಕಾಮನ್ ಕಾರ್ಪ್, ಇವೆರಡಕ್ಕೆ ಕ್ಲೀನಿಂಗ್ ಜಾಸ್ತಿ ಬೇಕು. ಬೆಳ್ಳಿಗೆಂಡೆ ಪಾಚಿ ಸೋಸಿ ತಿನ್ನೋದು, ಮಾಂಸ ಮೆತ್ತಗೆ, ವಾಸನೆನೂ ಹಿಡ್ಕೊಂಡಿರುತ್ತೆ, ನನ್ನ ಕೇಳಿದ್ರೆ ಹೊಸಬರಿಗೆ ಅದು ಬೇಡ. ಹುಲ್ಲುಗೆಂಡೆ ಹುಲ್ಲು ತಿನ್ನೋ ಮೀನು, ಬಿಳಿ ಮಾಂಸ, ಕೆಲಸ ಸಲೀಸು. ಜಿಲೇಬಿ ಮೀನು ಎಲ್ಲ ಕೆರೆಯಲ್ಲೂ ಸಿಗುತ್ತೆ, ಸಣ್ಣ ಮುಳ್ಳಿಲ್ಲ, ಮಕ್ಕಳಿರೋ ಮನೆಗೆ ಒಳ್ಳೇದು. ಕೊರಮೀನು ಸಿಕ್ರೆ ಅದೃಷ್ಟ ಅಂದ್ಕೊಳ್ಳಿ, ಗಟ್ಟಿ ಮಾಂಸ, ಸಾರಿಗೂ ಫ್ರೈಗೂ ಎರಡಕ್ಕೂ ಬರುತ್ತೆ.

ಬಿಟ್ಟುಬಿಡಬೇಕಾದ ಮೀನು ಒಂದಿದೆ, ಮಹಶೀರ್. ಶೃಂಗೇರಿಯ ತುಂಗಾ ನದಿ, ಶಿಶಿಲದ ಕಪಿಲಾ ಹೊಳೆಯಲ್ಲಿ ಇವನ್ನ ದೇವರ ಮೀನು ಅಂತ ಕಾಯ್ತಾರೆ, ಅಲ್ಲಿ ಹಿಡಿಯೋ ಹಾಗೇ ಇಲ್ಲ. ಕಾವೇರಿಯ ಗೂನು ಬೆನ್ನಿನ ಮಹಶೀರ್ ಅಂತೂ ಅಳಿವಿನ ಅಂಚಿನ ಪಟ್ಟಿಗೆ 2018ರಲ್ಲೇ ಸೇರಿದೆ. ದೊಡ್ಡ ದೊಡ್ಡ ಹುರುಪೆ (ಮೈಮೇಲಿನ ಬಿಲ್ಲೆ), ಕಿತ್ತಳೆ ಬಣ್ಣದ ರೆಕ್ಕೆ, ದಪ್ಪ ತುಟಿ ಇರೋ ಮೀನು ಗಾಳಕ್ಕೆ ಬಿದ್ರೆ ನೀರಿಗೆ ವಾಪಸ್ ಬಿಡಿ.

2. ಹಿಡಿದ ಮೊದಲ ಗಂಟೆ

ಇಲ್ಲೇ ಜಾಸ್ತಿ ಜನ ಎಡವೋದು. ಹಿಡಿದ ಮೀನನ್ನ ಪ್ಲಾಸ್ಟಿಕ್ ಕವರ್‌ಗೆ ಹಾಕಿ ಬೈಕ್ ಹ್ಯಾಂಡಲ್‌ಗೆ ನೇತಾಕೊಂಡು ಬಿಸಿಲಲ್ಲಿ ಒಂದು ಗಂಟೆ ಸುತ್ತಿ ಮನೆಗೆ ಬಂದು ಫ್ರೆಶ್ ಮೀನು ಅಂತಾರೆ. ಅಷ್ಟೊತ್ತಿಗೆ ಹೊಟ್ಟೆ ಒಳಗಿನ ಕರುಳು ಮೆತ್ತಗಾಗಿ ಆ ವಾಸನೆ ಮಾಂಸಕ್ಕೆ ಇಳಿಯೋಕೆ ಶುರು ಆಗಿರುತ್ತೆ.

ಮಾಡಬೇಕಾದ್ದು: ಮೀನು ಒದ್ದಾಡ್ತಾ ಸಾಯೋಕೆ ಬಿಡದೆ ತಲೆ ಮೇಲೆ ಒಂದೇಟು ಕೊಟ್ಟು ಮುಗಿಸಿ, ಒದ್ದಾಡಿದಷ್ಟೂ ಮಾಂಸ ಹಾಳು. ತಕ್ಷಣ ಕಿವಿರಿನ ಬುಡದಲ್ಲಿ ಚಾಕು ಹಾಕಿ ರಕ್ತ ಇಳಿಸಿ, ನೀರಿರೋ ಬಕೆಟ್‌ನಲ್ಲಿ ಐದು ನಿಮಿಷ ತಲೆ ಕೆಳಗೆ ಮಾಡಿ ಇಟ್ರೆ ಸಾಕು. ರಕ್ತ ಇಳಿದ ಮೀನಿಗೂ ಇಳಿಯದ ಮೀನಿಗೂ ಕತ್ತರಿಸಿದಾಗಲೇ ಬಣ್ಣದಲ್ಲಿ ವ್ಯತ್ಯಾಸ ಗೊತ್ತಾಗುತ್ತೆ. ಆಮೇಲೆ ಐಸ್. ಬೇಸಿಗೆಯಲ್ಲಿ ಮೀನಿನ ತೂಕದಷ್ಟೇ ಐಸ್ ಬೇಕು, ಪುಡಿ ಮಾಡಿ ಸುತ್ತ ಹಾಕಿ. ಐಸ್ ಸಿಗದ ಕಡೆ ಒದ್ದೆ ಗೋಣಿಚೀಲದಲ್ಲಿ ಸುತ್ತಿ ನೆರಳಲ್ಲಿ ತನ್ನಿ, ಗಾಳಿ ಆಡ್ತಿರಲಿ.

ಜೀವಂತ ತರೋಕೆ ಆಗೋದು ಕೊರಮೀನು, ಮುರುಗೋಡು, ಚೇಳು ಮೀನು ಇಂಥವು. ಇವು ಮೇಲೆ ಬಂದು ಗಾಳಿ ಉಸಿರಾಡ್ತವೆ, ಹಾಗಾಗಿ ಟಬ್‌ನಲ್ಲಿ ಸ್ವಲ್ಪ ನೀರಲ್ಲೂ ಬದುಕ್ತವೆ. ಒಂದೆರಡು ದಿನ ಬೋರ್‌ವೆಲ್ ನೀರಲ್ಲಿ ತಿನ್ನೋಕೆ ಏನೂ ಹಾಕದೆ ಬಿಟ್ಟು, ನೀರು ಬದಲಾಯಿಸ್ತಾ ಇದ್ರೆ ಹೊಟ್ಟೆ ಖಾಲಿ ಆಗಿ ಕೆಸರು ವಾಸನೆ ಸುಮಾರು ಕಮ್ಮಿ ಆಗುತ್ತೆ, ಪೂರ್ತಿ ಹೋಗೋಕೆ ಇನ್ನೂ ಜಾಸ್ತಿ ದಿನ ಬೇಕು. ಟಬ್ ಮೇಲೆ ಭಾರ ಇಟ್ಟು ಮುಚ್ಚಿ, ಕೊರಮೀನು ರಾತ್ರಿ ಹಾರಿ ಅಡುಗೆಮನೆ ತುಂಬಾ ಓಡಾಡುತ್ತೆ.

ಚೇಳು ಮೀನು ಹಿಡಿಯುವಾಗ ಹುಷಾರು, ಅದರ ಪಕ್ಕದ ರೆಕ್ಕೆ ಮುಳ್ಳಲ್ಲಿ ವಿಷ ಇದೆ. ಚುಚ್ಚಿದ್ರೆ ಕೈಯನ್ನ ತಡೆಯೋವಷ್ಟು ಬಿಸಿ ಇರೋ ನೀರಲ್ಲಿ ಮುಳುಗಿಸಿ, ಉರಿ ಇಳಿಯುತ್ತೆ. ಊದ್ಕೊಂಡ್ರೆ ಡಾಕ್ಟರ್ ಹತ್ರ ಹೋಗಿ.

ಇನ್ನೊಂದು ವಿಷ್ಯ. ಸತ್ತ ಮೇಲೆ ಮೀನು ಸೆಟೆದುಕೊಳ್ಳುತ್ತೆ, ಕೋಲಿನ ಥರ ಗಟ್ಟಿ ಆಗುತ್ತೆ. ಆ ಹೊತ್ತಲ್ಲಿ ಕತ್ತರಿಸಿ ತವಾ ಮೇಲೆ ಹಾಕಿದ್ರೆ ಪೀಸ್ ಮುರುಟ್ಕೊಂಡು ರಬ್ಬರ್ ಆಗುತ್ತೆ. ಹೊಟ್ಟೆ ಕ್ಲೀನ್ ಮಾಡಿ ಐಸ್‌ನಲ್ಲೋ ಫ್ರಿಜ್‌ನಲ್ಲೋ ಇಟ್ಟು ಸೆಟೆತ ಬಿಟ್ಟ ಮೇಲೆ ಪೀಸ್ ಮಾಡಿ. ಬೆಳಗ್ಗೆ ಹಿಡಿದ ಮೀನು ರಾತ್ರಿ ಊಟಕ್ಕೆ ಸರಿಯಾಗಿರುತ್ತೆ.

3. ಕ್ಲೀನಿಂಗ್

ಬೇಕಾಗಿರೋದು: ಚೂಪಾದ ಚಾಕು ಅಥವಾ ಈಳಿಗೆಮಣೆ, ಒಂದು ಹಳೇ ಸ್ಟೀಲ್ ಚಮಚ, ಕಲ್ಲುಪ್ಪು, ಅರಿಶಿನ, ಮತ್ತೆ ಬಚ್ಚಲಲ್ಲೋ ಹಿತ್ತಲಲ್ಲೋ ಜಾಗ. ಅಡುಗೆಮನೆ ಸಿಂಕ್‌ನಲ್ಲಿ ಮಾಡಿದ್ರೆ ಹುರುಪೆ ಪೈಪಲ್ಲಿ ಕೂತು ವಾರಗಟ್ಟಲೆ ಕೌಲು ವಾಸನೆ ಹೊಡೆಯುತ್ತೆ.

ಮೊದಲು ಹುರುಪೆ. ಬಾಲದ ಕಡೆಯಿಂದ ತಲೆ ಕಡೆಗೆ ಚಮಚದಿಂದ ಎಬ್ಬಿಸಿ, ಚಾಕುಗಿಂತ ಚಮಚ ವಾಸಿ, ಚರ್ಮ ಹರಿಯಲ್ಲ. ನೀರು ತುಂಬಿದ ಬೋಗುಣಿ ಒಳಗೆ ಮುಳುಗಿಸಿ ಮಾಡಿದ್ರೆ ಗೋಡೆಗೆಲ್ಲ ಸಿಡಿಯಲ್ಲ. ಹುರುಪೆ ಇಲ್ಲದ ಮುರುಗೋಡು, ಚೇಳು ಮೀನು ಲೋಳೆ ಲೋಳೆ ಇರುತ್ತಲ್ಲ, ಅದಕ್ಕೆ ಒಲೆ ಬೂದಿ ಹಚ್ಚಿ ಉಜ್ಜಿ, ಬೂದಿ ಇಲ್ಲಾಂದ್ರೆ ಅಕ್ಕಿ ತೌಡು ಅಥವಾ ಕಲ್ಲುಪ್ಪು. ಹಳ್ಳಿಯಲ್ಲಿ ಒರಟು ಬಂಡೆ ಮೇಲೆ ಮೀನು ಉಜ್ಜೋದು ನೋಡಿರ್ತೀರಿ, ಅದಕ್ಕಿಂತ ಒಳ್ಳೆ ವಿಧಾನ ಇಲ್ಲ, ಲೋಳೆ ಜೊತೆ ಚರ್ಮದ ಮೇಲಿನ ಪಾಚಿ ವಾಸನೆನೂ ಹೋಗುತ್ತೆ.

ಇನ್ನು ಹೊಟ್ಟೆ. ಗುದದ ತೂತಿನಿಂದ ಗಂಟಲವರೆಗೆ ಚಾಕು ತುದಿಯಿಂದ ಮೇಲೆ ಮೇಲೆ ಸೀಳಿ, ಆಳಕ್ಕೆ ಇಳಿಸಬೇಡಿ. ಯಾಕಂದ್ರೆ ಲಿವರ್‌ಗೆ ಅಂಟಿಕೊಂಡು ಕಡು ಹಸಿರು ಬಣ್ಣದ ಒಂದು ಸಣ್ಣ ಚೀಲ ಇರುತ್ತೆ, ಅದು ಪಿತ್ತದ ಚೀಲ. ಒಡೆದ್ರೆ ಇಡೀ ಮೀನು ಕಹಿ. ಒಡೆದೇ ಹೋದ್ರೆ ತಕ್ಷಣ ಜೋರು ನೀರಲ್ಲಿ ತೊಳೆದು ಉಪ್ಪು ಹಾಕಿ ಉಜ್ಜಿ, ಹಸಿರು ಹತ್ತಿದ ಮಾಂಸ ಕತ್ತರಿಸಿ ಬಿಸಾಕಿ.

ಇಲ್ಲಿ ಗಟ್ಟಿಯಾಗಿ ಹೇಳಬೇಕಾದ ಮಾತು: ಶುಗರ್ ಕಮ್ಮಿ ಆಗುತ್ತೆ, ಕಣ್ಣಿಗೆ ಒಳ್ಳೇದು ಅಂತ ಮೀನಿನ ಪಿತ್ತ ಹಸಿಯಾಗಿ ನುಂಗೋರು ಇದ್ದಾರೆ. ದಯವಿಟ್ಟು ಬೇಡ. ರೋಹು, ಕಾಟ್ಲಾ, ಹುಲ್ಲುಗೆಂಡೆ ಜಾತಿಯ ಮೀನಿನ ಪಿತ್ತದಲ್ಲಿ ಕಿಡ್ನಿ ಫೇಲ್ ಮಾಡೋ ವಿಷ ಇದೆ, ಬೇಯಿಸಿದ್ರೂ ಹೋಗಲ್ಲ, ನುಂಗಿ ಡಯಾಲಿಸಿಸ್‌ಗೆ ಹೋದವರ ಕೇಸು ನಮ್ಮ ದೇಶದ ಆಸ್ಪತ್ರೆಗಳಲ್ಲೇ ದಾಖಲಾಗಿವೆ.

ಕರುಳು ತೆಗೆದ ಮೇಲೆ ಕೆಲಸ ಮುಗೀತು ಅಂದ್ಕೋಬೇಡಿ, ಇನ್ನೂ ಮೂರು ಜಾಗ ಇದೆ, ವಾಸನೆ ಉಳಿಯೋದೇ ಅಲ್ಲಿ. ಹೊಟ್ಟೆ ಒಳಗೋಡೆಗೆ ಅಂಟಿರೋ ಕಪ್ಪು ಪೊರೆ, ಉಗುರಿಂದಲೋ ಚಮಚದಿಂದಲೋ ಕೆರೆದು ಪೂರ್ತಿ ತೆಗೀರಿ, ಬಿಳಿ ಕಾಣ್ಬೇಕು. ಬೆನ್ನುಮೂಳೆ ಉದ್ದಕ್ಕೂ ಒಂದು ಕಡುಗೆಂಪು ಗೆರೆ, ಹೆಪ್ಪುಗಟ್ಟಿದ ರಕ್ತದ ಹಾಗಿರುತ್ತೆ, ಅದು ಮೀನಿನ ಕಿಡ್ನಿ. ಅದರ ಮೇಲಿನ ತೆಳು ಪದರ ಚಾಕು ತುದಿಯಿಂದ ಸೀಳಿ ಹಳೇ ಟೂತ್‌ಬ್ರಶ್‌ನಲ್ಲಿ ಉಜ್ಜಿದ್ರೆ ಬರುತ್ತೆ. ಮೂರನೇದು ಕಿವಿರು. ತಲೆ ಸಾರಿಗೆ ಹಾಕ್ತೀರಾದ್ರೆ ಎರಡೂ ಕಡೆ ಕೆಂಪು ಕಿವಿರು ಬುಡಸಮೇತ ಕಿತ್ತು ಒಳಗೆ ಬೆರಳಾಡಿಸಿ ತೊಳೀರಿ, ಕೆಸರು ಅಲ್ಲೇ ಸಿಕ್ಕಾಕೊಂಡಿರುತ್ತೆ. ಕಾಟ್ಲಾ ತಲೆ ಬಿಸಾಡೋರು ದಡ್ಡರು, ಸಾರಿನ ರುಚಿ ಅದರಲ್ಲೇ ಇರೋದು.

ಮೊಟ್ಟೆ ಇದ್ರೆ ತೆಗೆದು ಬೇರೆ ಇಡಿ, ಉಪ್ಪು ಖಾರ ಹಚ್ಚಿ ಕೊನೆಗೆ ಸಾರಲ್ಲಿ ಬೇಯಿಸಬಹುದು.

4. ಪೀಸ್ ಮಾಡೋದು, ಹುಳಿಯಲ್ಲಿ ನೆನೆಸೋದು

ಸಾರಿಗೆ ಒಂದಿಂಚು ದಪ್ಪ, ಫ್ರೈಗೆ ಅರ್ಧ ಇಂಚು. ಅದಕ್ಕಿಂತ ತೆಳು ಮಾಡಿದ್ರೆ ಒಡೆಯುತ್ತೆ.

ಗೆಂಡೆ ಜಾತಿಯ (ಕಾಟ್ಲಾ, ರೋಹು, ಮೃಗಾಲ್ ಕೂಡ ಸೇರಿ) ಎಲ್ಲ ಮೀನಲ್ಲೂ ಬೆನ್ನಿನ ಮಾಂಸದೊಳಗೆ ಕವಲೊಡೆದ ಸಣ್ಣ ಮುಳ್ಳುಗಳು ಹುದುಗಿರ್ತವೆ, ಬಾಲದ ಕಡೆ ಇನ್ನೂ ಜಾಸ್ತಿ. ಹೊಟ್ಟೆ ಭಾಗದಲ್ಲಿ ದೊಡ್ಡ ಪಕ್ಕೆಲುಬು ಮಾತ್ರ. ಮಕ್ಕಳಿಗೆ, ವಯಸ್ಸಾದವರಿಗೆ ಹೊಟ್ಟೆ ಪೀಸ್ ಕೊಡಿ. ಬೆನ್ನಿನ ಪೀಸ್‌ಗೆ ಚರ್ಮದ ಕಡೆಯಿಂದ ಎರಡು ಮೂರು ಮಿಲಿಮೀಟರ್‌ಗೆ ಒಂದರಂತೆ ಗೀರು ಹಾಕಿ ಎಣ್ಣೆ ಜಾಸ್ತಿ ಬಿಟ್ಟು ಫ್ರೈ ಮಾಡಿದ್ರೆ ಆ ಮುಳ್ಳು ತುಂಡಾಗಿ ಗರಿಗರಿ ಆಗೋಗುತ್ತೆ, ಬಾಯಿಗೆ ಸಿಗಲ್ಲ.

ಈಗ ವಾಸನೆಗೆ ಔಷಧಿ. ಒಂದು ಕೆಜಿ ಪೀಸ್‌ಗೆ ಒಂದು ಹಿಡಿ ಕಲ್ಲುಪ್ಪು, ಒಂದು ಚಮಚ ಅರಿಶಿನ ಹಾಕಿ ಚೆನ್ನಾಗಿ ಉಜ್ಜಿ ಹತ್ತು ನಿಮಿಷ ಬಿಡಿ, ಲೋಳೆ ನೀರು ಬಿಡುತ್ತೆ, ತೊಳೆದು ಬಿಡಿ. ಆಮೇಲೆ ತೆಳ್ಳಗೆ ಹಿಂಡಿದ ಹುಣಸೆ ನೀರು ಅಥವಾ ಎರಡು ನಿಂಬೆಹಣ್ಣಿನ ರಸ ಸೇರಿಸಿದ ನೀರಲ್ಲಿ ಇಪ್ಪತ್ತು ನಿಮಿಷ. ಹುಳಿ ಮಜ್ಜಿಗೆನೂ ನಡೆಯುತ್ತೆ. ಮತ್ತೆ ಒಂದು ಸಲ ತೊಳೆದು ಜಾಲರಿಯಲ್ಲಿ ನೀರು ಬಸಿಯೋಕೆ ಇಡಿ. ಗಂಟೆಗಟ್ಟಲೆ ಹುಳಿಯಲ್ಲಿ ಬಿಡಬೇಡಿ, ಮಾಂಸ ಬೆಳ್ಳಗಾಗಿ ಪುಡಿಪುಡಿ ಆಗುತ್ತೆ. ಗೆಂಡೆ, ಮೃಗಾಲ್ ಆದ್ರೆ ಪಕ್ಕದ ಕಡುಗೆಂಪು ಮಾಂಸದ ಪಟ್ಟಿ ಕೆತ್ತಿ ತೆಗೆದ್ರೆ ಇನ್ನೂ ಒಳ್ಳೇದು.

5. ಸಾರು

ನಾನು ಹೇಳ್ತಿರೋದು ಮಂಡ್ಯ ಮೈಸೂರು ಕಡೆ ಮುದ್ದೆಗೆ ಮಾಡೋ ಸಾರು. ಮುಕ್ಕಾಲು ಕೆಜಿಯಿಂದ ಒಂದು ಕೆಜಿ ಪೀಸ್‌ಗೆ:

ಈರುಳ್ಳಿ 2, ಬೆಳ್ಳುಳ್ಳಿ 12 ಎಸಳು, ಟೊಮೆಟೊ 2, ತೆಂಗಿನತುರಿ ಅರ್ಧ ಬಟ್ಟಲು, ಧನಿಯಾ ಪುಡಿ 3 ದೊಡ್ಡ ಚಮಚ, ಖಾರದ ಪುಡಿ 2 ದೊಡ್ಡ ಚಮಚ, ಮೆಣಸು ಮತ್ತೆ ಜೀರಿಗೆ ಒಂದೊಂದು ಚಿಕ್ಕ ಚಮಚ, ಮೆಂತ್ಯ ಕಾಲು ಚಮಚ, ಅರಿಶಿನ, ಕರಿಬೇವು, ದೊಡ್ಡ ನಿಂಬೆ ಗಾತ್ರದ ಹುಣಸೆಹಣ್ಣು, ಎಣ್ಣೆ 4 ದೊಡ್ಡ ಚಮಚ, ಉಪ್ಪು.

ಪಾತ್ರೆ ಮಣ್ಣಿನ ಮಡಕೆ ಆದ್ರೆ ಸರಿ, ಇಲ್ಲಾಂದ್ರೆ ಅಗಲ ಬಾಯಿಯ ಸ್ಟೀಲ್. ಅಲ್ಯೂಮಿನಿಯಂ ಬೇಡ, ಹುಣಸೆ ಹುಳಿ ಅದನ್ನ ತಿನ್ನುತ್ತೆ, ಸಾರು ಕರ್ರಗೆ ಆಗಿ ಲೋಹದ ರುಚಿ ಬರುತ್ತೆ.

ಒಂದು ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಮೆಂತ್ಯ ಇವನ್ನ ಸ್ವಲ್ಪ ಎಣ್ಣೆಯಲ್ಲಿ ಈರುಳ್ಳಿ ಅಂಚು ಕಂದು ಆಗೋವರೆಗೂ ಹುರಿದು, ಟೊಮೆಟೊ ಹಾಕಿ ಬಾಡಿಸಿ, ಕೊನೆಗೆ ತೆಂಗಿನತುರಿ, ಧನಿಯಾ, ಖಾರದ ಪುಡಿ ಹಾಕಿ ಒಲೆ ಆರಿಸಿ, ಆ ಬಿಸಿಯಲ್ಲೇ ಕೈಯಾಡಿಸಿ. ಪುಡಿ ಹಾಕಿದ ಮೇಲೆ ಉರಿ ಇದ್ರೆ ಸೀದು ಕಹಿ ಆಗುತ್ತೆ, ಮೆಂತ್ಯ ಜಾಸ್ತಿ ಆದ್ರೂ ಕಹಿನೇ. ಆರಿದ ಮೇಲೆ ನುಣ್ಣಗೆ ರುಬ್ಬಿ.

ಮಡಕೆಗೆ ಉಳಿದ ಎಣ್ಣೆ, ಕರಿಬೇವು, ಇನ್ನೊಂದು ಈರುಳ್ಳಿ ಹೆಚ್ಚಿ ಹಾಕಿ ಬಾಡಿಸಿ. ರುಬ್ಬಿದ ಮಸಾಲೆ ಹಾಕಿ ಎಣ್ಣೆ ಬಿಡೋವರೆಗೂ ಕುದಿಸಿ. ಇದು ಅವಸರ ಮಾಡೋ ಜಾಗ ಅಲ್ಲ, ಮೀನು ಹಾಕಿದ ಮೇಲೆ ಕುದಿಯೋ ಹೊತ್ತು ಕಮ್ಮಿ, ಹಾಗಾಗಿ ಮಸಾಲೆಯ ಹಸಿ ವಾಸನೆ ಈಗಲೇ ಹೋಗ್ಬೇಕು. ಹುಣಸೆ ರಸ, ನೀರು, ಉಪ್ಪು, ಅರಿಶಿನ ಹಾಕಿ ಇನ್ನೂ ಹತ್ತು ನಿಮಿಷ ಕುದಿಸಿ ರುಚಿ ನೋಡಿ. ಈ ಹಂತದಲ್ಲಿ ಉಪ್ಪು ಹುಳಿ ಖಾರ ಮೂರೂ ನಿಮಗೆ ಒಂದು ಚೂರು ಜಾಸ್ತಿ ಅನ್ನಿಸಬೇಕು, ಮೀನು ಎಳ್ಕೊಳ್ಳುತ್ತೆ.

ಈಗ ಉರಿ ಸಣ್ಣ ಮಾಡಿ ಮೊದಲು ತಲೆ, ಎರಡು ನಿಮಿಷ ಬಿಟ್ಟು ಬೆನ್ನಿನ ಪೀಸ್, ಕೊನೆಗೆ ಹೊಟ್ಟೆ ಪೀಸ್ ಮತ್ತೆ ಮೊಟ್ಟೆ ಒಂದೊಂದಾಗಿ ಇಳಿಸಿ. ಇಲ್ಲಿಂದ ಸೌಟು ಮುಟ್ಟಬೇಡಿ. ಕಲಸಬೇಕು ಅನ್ನಿಸಿದ್ರೆ ಬಟ್ಟೆಯಲ್ಲಿ ಮಡಕೆ ಕಂಠ ಹಿಡಿದು ಒಂದು ಸುತ್ತು ತಿರುಗಿಸಿ. ಎಂಟು ಹತ್ತು ನಿಮಿಷ ಸಾಕು, ದಪ್ಪ ಪೀಸ್ ಆದ್ರೆ ಹನ್ನೆರಡು. ಬೆನ್ನುಮೂಳೆ ಪಕ್ಕ ಚಾಕು ತುದಿ ಹಾಕಿ ನೋಡಿ, ಅಲ್ಲಿ ಗಾಜಿನಂಥ ಹೊಳಪು ಹೋಗಿ ಪೂರ್ತಿ ಬಿಳಿ ಆಗಿ ಮಾಂಸ ಮೂಳೆಯಿಂದ ಬಿಡ್ತಾ ಇದ್ರೆ ಬೆಂದಿದೆ ಅಂತ. ಅರೆಬೆಂದದ್ದು ಯಾವತ್ತೂ ಬೇಡ, ಸಿಹಿನೀರಿನ ಮೀನಲ್ಲಿ ಹುಳದ ಮರಿಗಳು ಇರಬಹುದು, ಒಳಗೂ ಕನಿಷ್ಠ 63 ಡಿಗ್ರಿ ಸೆಲ್ಸಿಯಸ್ ಬಿಸಿ ತಟ್ಟಬೇಕು. ಕೊತ್ತಂಬರಿ ಸೊಪ್ಪು ಹಾಕಿ ಮುಚ್ಚಿ ಇಳಿಸಿ, ಅರ್ಧ ಗಂಟೆ ಮುಟ್ಟದೆ ಬಿಡಿ.

ಕೊಡಗಿನ ಕಾಚಂಪುಳಿ ಇದ್ದವರು ಹುಣಸೆ ಬದಲು ಅದನ್ನ ಒಂದು ಚಿಕ್ಕ ಚಮಚದಿಂದ ಶುರು ಮಾಡಿ, ತುಂಬಾ ಗಟ್ಟಿ ಹುಳಿ ಅದು.

ಮುದ್ದೆ ಜೊತೆ ತಿನ್ನೋರಿಗೆ ಒಂದು ಮಾತು. ಮುದ್ದೆ ಅಗಿಯಲ್ಲ, ನುಂಗ್ತೀವಿ. ಸಾರಲ್ಲಿ ಮೀನು ಒಡೆದಿದ್ರೆ ಸಣ್ಣ ಮುಳ್ಳು ಮುದ್ದೆ ತುತ್ತಿಗೆ ಅಂಟ್ಕೊಂಡು ಗಂಟಲಿಗೆ ಹೋಗುತ್ತೆ. ಸಾರನ್ನ ಸೋಸಿ ಬೇರೆ ಬಟ್ಟಲಿಗೆ ಹಾಕ್ಕೊಂಡು ಮುದ್ದೆ ಅದ್ದಿ, ಮೀನು ಬೇರೆ ತಟ್ಟೆಯಲ್ಲಿ ಬಿಡಿಸಿ ತಿನ್ನಿ. ಮುಳ್ಳು ಸಿಕ್ಕಾಕೊಂಡ್ರೆ ಇನ್ನೊಂದು ದೊಡ್ಡ ತುತ್ತು ನುಂಗಿ ತಳ್ಳೋ ಸಾಹಸ ಬೇಡ, ಇನ್ನೂ ಆಳಕ್ಕೆ ಚುಚ್ಚಬಹುದು, ಕಿವಿ ಮೂಗು ಗಂಟಲು ಡಾಕ್ಟರ್ ಐದು ನಿಮಿಷದಲ್ಲಿ ತೆಗೀತಾರೆ.

6. ಫ್ರೈ

ಜಿಲೇಬಿ, ಕೊರಮೀನು, ರೋಹುಗೆ ಒಳ್ಳೇದು. ಪಕ್ಕೆ, ಸಸಲು ಥರ ಪುಟ್ಟ ಹೊಳೆ ಮೀನು ಆದ್ರೆ ಹೊಟ್ಟೆ ಕ್ಲೀನ್ ಮಾಡಿ ಇಡಿಯಾಗೇ ಕರಿದು ಮುಳ್ಳುಸಮೇತ ತಿನ್ನಬಹುದು.

ಖಾರದ ಪುಡಿ, ಶುಂಠಿ ಬೆಳ್ಳುಳ್ಳಿ ಪೇಸ್ಟ್, ಕಾಳುಮೆಣಸಿನ ಪುಡಿ, ಅರಿಶಿನ, ನಿಂಬೆರಸ, ಉಪ್ಪು ಗಟ್ಟಿಯಾಗಿ ಕಲಸಿ ಹಚ್ಚಿ ಅರ್ಧ ಗಂಟೆ ಇಡಿ. ಹಚ್ಚೋಕೆ ಮುಂಚೆ ಪೀಸ್‌ಗಳನ್ನ ಬಟ್ಟೆಯಲ್ಲಿ ಒತ್ತಿ ಒಣಗಿಸಿರಬೇಕು. ನೀರಿದ್ರೆ ಮಸಾಲೆ ಜಾರಿ ತವಾಗೆ ಅಂಟುತ್ತೆ, ಮೀನು ಬೆತ್ತಲೆ ಆಗುತ್ತೆ. ಕಬ್ಬಿಣದ ತವಾ ಮೊದಲು ಚೆನ್ನಾಗಿ ಕಾಯಲಿ, ಆಮೇಲೆ ಎಣ್ಣೆ, ಎಣ್ಣೆ ಕಾದ ಮೇಲೆ ಅಕ್ಕಿ ಹಿಟ್ಟು ಇಲ್ಲಾ ಚಿರೋಟಿ ರವೆಯಲ್ಲಿ ಹೊರಳಿಸಿದ ಪೀಸ್ ಇಡಿ. ಇಟ್ಟ ಮೇಲೆ ನಾಲ್ಕು ನಿಮಿಷ ಕದಲಿಸಬೇಡಿ. ಅಂಚು ಕೆಂಪಾಗಿ ಪೀಸ್ ತಾನಾಗೇ ತವಾ ಬಿಡುತ್ತೆ, ಬಿಡದೆ ಹಿಡ್ಕೊಂಡಿದ್ರೆ ಇನ್ನೂ ಆಗಿಲ್ಲ ಅಂತ ಅರ್ಥ. ಒಂದೇ ಸಲ ತಿರುವಿ.

7. ಉಳಿದಿದ್ದನ್ನ ಇಡೋದು

ಸಾರು ಮಾರನೇ ದಿನ ಇನ್ನೂ ಚೆನ್ನಾಗಿರುತ್ತೆ, ಹುಳಿ ಖಾರ ಪೀಸ್ ಒಳಗೆ ಇಳಿದಿರುತ್ತೆ. ಬೇಸಿಗೆಯಲ್ಲಿ ರಾತ್ರಿಯೆಲ್ಲ ಹೊರಗೆ ಬಿಡಬೇಡಿ, ಆರಿದ ತಕ್ಷಣ ಫ್ರಿಜ್‌ಗೆ ಹಾಕಿ, ತಿನ್ನೋಕೆ ಬೇಕಾದಷ್ಟು ಮಾತ್ರ ತೆಗೆದು ಬಿಸಿ ಮಾಡಿ.

ಹಸಿ ಮೀನು ಜಾಸ್ತಿ ಇದ್ರೆ ಕ್ಲೀನ್ ಮಾಡಿ, ಪೀಸ್ ಮಾಡಿ, ಒಂದು ಹೊತ್ತಿಗೆ ಬೇಕಾದಷ್ಟು ಒಂದೊಂದು ಡಬ್ಬಿಗೆ ಹಾಕಿ ಮುಳುಗೋವಷ್ಟು ನೀರು ಹುಯ್ದು ಫ್ರೀಜರ್‌ಗಿಡಿ. ಗಾಳಿ ತಾಗಲ್ಲ, ಒಣಗಲ್ಲ. ಕೊಬ್ಬು ಜಾಸ್ತಿ ಇರೋ ದೊಡ್ಡ ಕಾಟ್ಲಾ ಒಂದು ತಿಂಗಳೊಳಗೆ ಮುಗಿಸಿ, ಆಮೇಲೆ ಫ್ರೀಜರ್‌ನಲ್ಲಿದ್ರೂ ಕಮಟು ವಾಸನೆ ಶುರು ಆಗುತ್ತೆ. ತೆಗೆಯುವಾಗ ಹಿಂದಿನ ರಾತ್ರಿನೇ ಫ್ರೀಜರ್‌ನಿಂದ ಫ್ರಿಜ್ ಕೆಳಗಿನ ತಟ್ಟೆಗೆ ಇಳಿಸಿ, ಬಿಸಿನೀರಿಗೆ ಹಾಕಿ ಕರಗಿಸಬೇಡಿ, ಒಂದು ಸಲ ಕರಗಿದ್ದನ್ನ ಮತ್ತೆ ಫ್ರೀಜ್ ಮಾಡಬೇಡಿ.